ಇನ್ಷಿರಾಳ ಕಂಪ್ರೆಸರಿಗೆ ಕರೆಂಟು

ಇನ್ಷಿರಾ ಮೂವತ್ತೊಂದು ವರ್ಷ ಮರಕ್ಕೆ ಪಾಲಿಶ್ ಹಾಕಿದ್ದು ಕೈಯಲ್ಲೇ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಹಳೆಯ ಬಟ್ಟೆ ಸುತ್ತಿ ಅದ್ದಿಕೊಂಡು, ಮಂಚದ ತಲೆಹಲಗೆಯ ಮೇಲೆ ಸುತ್ತು ಸುತ್ತಾಗಿ ಉಜ್ಜುತ್ತಾ ಹೋಗುವ ಕೆಲಸ. ಒಂದು ಹಲಗೆಗೆ ಎರಡು ದಿನ, ಒಂದು ಬೀರುವಿಗೆ ಹತ್ತು ದಿನ. ಈಜಿಪ್ಟಿನ ಯಾವ ಮೂಲೆಯಲ್ಲಿ ಮದುವೆ ಗೊತ್ತಾದರೂ ಮಂಚ, ಬೀರು, ಕುರ್ಚಿಗೆಂದು ಜನ ಅವಳ ಊರು ದುಮ್ಯಾತಿಗೇ ಬರುತ್ತಿದ್ದರು. ಹಾಗಾಗಿ ಅವಳಿಗೆ ಕೆಲಸಕ್ಕೆ ಬರವಿರಲಿಲ್ಲ. ಕಲಿಸಿದ್ದು ಅಪ್ಪ. ಅವನಿಗೆ ಇಬ್ಬರು ಗಂಡುಮಕ್ಕಳೂ ಇದ್ದರು. ಸ್ಪಿರಿಟ್ ವಾಸನೆಗೆ ತಲೆನೋವು ಬರುತ್ತದೆ ಎಂದು ಅವರಿಬ್ಬರೂ ಓಣಿ ಬಿಟ್ಟು ಹೋದರು. ಇನ್ಷಿರಾಗೆ ತಲೆನೋವು ಬರಲಿಲ್ಲ. ಬಂದಿದ್ದು ಭುಜದ ನೋವು, ಅದೂ ಐವತ್ತೆರಡನೇ ವಯಸ್ಸಿಗೆ.

ಮನ್ಸೂರಾದ ಡಾಕ್ಟರು ಅವಳ ಬಲಗೈಯನ್ನು ಎತ್ತಿ ನೋಡಲು ಹೋದರು. ಅದು ಕಿವಿಯವರೆಗೂ ಏರಲಿಲ್ಲ. "ಇನ್ನು ಉಜ್ಜೋದು ಸಾಕು ತಾಯಿ" ಎಂದರು.

"ಉಜ್ಜದೆ ಏನು ಮಾಡ್ಲಿ?"

"ಕೂತ್ಕೊಳ್ಳಿ."

ಆ ಒಂದು ಮಾತಿಗೆ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಗಂಡ ಜಗಲೂಲನ ಹತ್ತಿರ ಅದನ್ನೇ ಹೇಳಿದಳು. "ಕೂತ್ಕೋ ಅಂತೆ. ನಾನೇನು ಸೋಫಾನಾ?"

ಜಗಲೂಲ್ ನಲವತ್ತು ವರ್ಷ ಮೀನು ದೋಣಿಗಳ ಡೀಸೆಲ್ ಎಂಜಿನ್ ರಿಪೇರಿ ಮಾಡಿ ಈಗ ಮನೆಯಲ್ಲಿದ್ದ. ಒಳ್ಳೆಯ ಮನುಷ್ಯ. ಆದರೆ ಯಾವುದಕ್ಕೂ ಅವನದು ಒಂದೇ ಉತ್ತರ, "ಸರಿಹೋಗತ್ತೆ ಬಿಡು." ಮದುವೆಯಾದ ಹೊಸತರಲ್ಲಿ ಆ ಮಾತು ಕೇಳಿದರೆ ಇನ್ಷಿರಾಗೆ ಧೈರ್ಯ ಬರುತ್ತಿತ್ತು. ಈಗ ಕೇಳಿದರೆ ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯೋಣ ಅನ್ನಿಸುತ್ತಿತ್ತು.

ಉಜ್ಜುವ ಹಾಗಿಲ್ಲವೆಂದ ಮೇಲೆ ಉಳಿದದ್ದು ಸ್ಪ್ರೇ. ಗನ್ನು ಹಿಡಿಯಲು ಭುಜ ಏಳಬೇಕಿಲ್ಲ, ಮಣಿಕಟ್ಟು ಆಡಿದರೆ ಸಾಕು. ಪಕ್ಕದ ಬೀದಿಯಲ್ಲಿ ಒಂದು ಕಾರ್ಖಾನೆ ಮುಚ್ಚುತ್ತಿತ್ತು. ಅಲ್ಲಿಂದ ಮೂರು ಅಶ್ವಶಕ್ತಿಯ ಮೋಟಾರು, ಇನ್ನೂರು ಲೀಟರಿನ ತೊಟ್ಟಿ ಇದ್ದ, ಗನ್ನಿಗೆ ಗಾಳಿ ಒದಗಿಸುವ ಕಂಪ್ರೆಸರನ್ನು ಅವಳೇ ಹೋಗಿ ನೋಡಿ, ಚೌಕಾಸಿ ಮಾಡಿ, ಕೊಂಡಳು. ಮಾರಿದವನು ತೊಟ್ಟಿಯ ಬೆನ್ನು ತಟ್ಟಿ, "ಮನೆ ಕರೆಂಟಿಗೇ ಓಡತ್ತೆ ಅಕ್ಕಾ, ತ್ರೀ ಫೇಸೂ ಬೇಡ, ಏನೂ ಬೇಡ" ಎಂದಿದ್ದ. ಮಾರನೇ ವಾರವೇ ಅವನು ಪೋರ್ಟ್ ಸೈದಿನ ಮಗಳ ಮನೆಗೆ ಹೊರಟುಹೋದ. ಆಮೇಲೆ ಅವನ ಫೋನು ಎತ್ತಿದವರಿಲ್ಲ.

ಇನ್ಷಿರಾಳ ಮನೆ ಕೆಳಗಿನ ಅಂತಸ್ತಿನಲ್ಲಿತ್ತು. ಬೀದಿ ಕಡೆಯ ಕೋಣೆಯೇ ಅವಳ ಕೆಲಸದ ಜಾಗ. ಮೇಲಿನ ಮನೆಯಲ್ಲಿದ್ದವಳು ವಿಧವೆ ತಫೀದಾ. ಹಳೆಯ ಕಟ್ಟಡ, ಮನೆಗೊಂದು ಮೀಟರು, ಆದರೆ ಎರಡಕ್ಕೂ ಸೇರಿ ಮೆಟ್ಟಿಲ ಬುಡದಲ್ಲಿ ಒಂದೇ ದೊಡ್ಡ ಬ್ರೇಕರು. ಅದು ಬಿದ್ದರೆ ಎರಡೂ ಮನೆಗೆ ಕತ್ತಲೆ.

ಮೊದಲ ದಿನ ಎಲ್ಲ ಚೆನ್ನಾಗಿಯೇ ಆಯಿತು. ಸ್ವಿಚ್ಚು ಹಾಕಿದೊಡನೆ ಮೋಟಾರು ಗುಡುಗುಡು ಎಂದು ತಿರುಗಿತು, ತೊಟ್ಟಿಯಲ್ಲಿ ಗಾಳಿ ತುಂಬಿತು, ಒತ್ತಡದ ಮುಳ್ಳು ಎಂಟಕ್ಕೆ ಬಂದಾಗ ತಾನಾಗಿಯೇ ನಿಂತಿತು. ಇನ್ಷಿರಾ ಮೂಗಿಗೆ ಮುಸುಕು ಕಟ್ಟಿಕೊಂಡು ಒಂದು ಹಲಗೆಗೆ ಸ್ಪ್ರೇ ಹೊಡೆದಳು. ಎರಡು ದಿನದ ಕೆಲಸ ಏಳು ನಿಮಿಷದಲ್ಲಿ ಮುಗಿಯಿತು. ಅವಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ಸಿಟ್ಟೇ ಬಂದಿತ್ತು, ಇಷ್ಟು ವರ್ಷ ಭುಜ ಸವೆಸಿದೆನಲ್ಲ ಎಂದು.

ಎರಡನೇ ಹಲಗೆಯ ನಡುವೆ ತೊಟ್ಟಿಯ ಗಾಳಿ ಇಳಿಯಿತು. ಮೋಟಾರು ತಾನಾಗಿ ಶುರುವಾಗಬೇಕಿತ್ತು. ಅದು "ಹ್ಞೂಂ" ಎಂದು ಗುರುಗುಟ್ಟಿ ಅಲ್ಲೇ ಸಿಕ್ಕಿಬಿತ್ತು. ಬಲ್ಬು ಕೆಂಪಗಾಯಿತು. ಮೆಟ್ಟಿಲ ಬುಡದಲ್ಲಿ ಟಪ್ ಎಂಬ ಸದ್ದು ಕೇಳಿತು. ಕತ್ತಲೆ.

ಮೇಲಿನಿಂದ ತಫೀದಾಳ ದನಿ ಬಂತು: "ಇನ್ಷಿರಾ! ನನ್ನ ಟೀವಿ ಹೋಯ್ತು!"

"ಎಲ್ಲಾರ್ದೂ ಹೋಗಿದೆ ಕಣೇ!"

"ಅವಳು ಈಗ ತಾನೇ ಗಂಡನಿಗೆ ನಿಜ ಹೇಳೋಕೆ ಬಾಯಿ ತೆಗೆದಿದ್ಲು!"

ತಫೀದಾಳಿಗೆ ಬೆಳಗ್ಗೆ ಹನ್ನೊಂದರ ಧಾರಾವಾಹಿ ಎಂದರೆ ಪ್ರಾಣ. ಆದರೆ ಇನ್ಷಿರಾಗೆ ಆ ಹಲಗೆಗಳನ್ನು ಕೊಟ್ಟವಳೂ ಅವಳೇ. ಮಗಳು ರಬಾಬಳ ಮದುವೆ ಫೆಬ್ರವರಿಗೆ ಗೊತ್ತಾಗಿತ್ತು. ಮಂಚ, ಮೂರು ಬಾಗಿಲಿನ ಬೀರು, ಕನ್ನಡಿ ಮೇಜು ಎಲ್ಲಕ್ಕೂ ಪಾಲಿಶ್ ಆಗಬೇಕಿತ್ತು. ಹಾಗಾಗಿ ಕಂಪ್ರೆಸರ್ ಓಡಿದರೆ ಕರೆಂಟು ಹೋಯಿತೆಂದು ಮೇಲಿನಿಂದ ಕೂಗು, ಓಡದಿದ್ದರೆ ಬೀರು ಇನ್ನೂ ಆಗಿಲ್ಲವೆಂದು ಕೆಳಗೆ ಬಂದು ಕೂಗು. ಎರಡೂ ಒಂದೇ ಬಾಯಿಂದ, ಕೆಲವು ಸಲ ಒಂದೇ ಗಂಟೆಯೊಳಗೆ.

ವಿಚಿತ್ರವೆಂದರೆ ಅದು ಯಾವಾಗಲೂ ಹೀಗೆ ಸಿಕ್ಕಿಬೀಳುತ್ತಿರಲಿಲ್ಲ. ಬ್ರೇಕರ್ ಎತ್ತಿ ಟೀ ಕುಡಿದು ಬಂದು ಸ್ವಿಚ್ಚು ಹಾಕಿದರೆ ಒಮ್ಮೊಮ್ಮೆ ಓಡುತ್ತಿತ್ತು. ಬೆಳಗ್ಗೆ ಮೊದಲ ಸಲ ಯಾವತ್ತೂ ಓಡುತ್ತಿತ್ತು. ಅದಕ್ಕೇ ಜಗಲೂಲ್, "ಹೊತ್ತೇರಿದ ಹಾಗೆ ಬೀದಿಯ ಕರೆಂಟಿನ ಶಕ್ತಿ ಇಳಿಯತ್ತೆ. ಇದಕ್ಕೆ ಸಾಲ್ತಿಲ್ಲ" ಎಂದು ತೀರ್ಪು ಕೊಟ್ಟ. ಕೇಳಿದವರೆಲ್ಲ ಹೌದೆಂದು ತಲೆಯಾಡಿಸಿದರು.

ಎಲೆಕ್ಟ್ರಿಷಿಯನ್ ಖಮೀಸನನ್ನು ಕರೆಸಿದರು. ಅವನು ಮೆಟ್ಟಿಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಹಳೆಯ ಬ್ರೇಕರ್ ಕಿತ್ತ, ಅದರ ಎರಡರಷ್ಟು ದೊಡ್ಡದನ್ನು ಹಾಕಿದ, "ಇನ್ನು ಬೀಳಲ್ಲ" ಎಂದು ಹೇಳಿ ಹೋದ. ನಿಜವಾಗಿಯೂ ಅದು ಬೀಳಲಿಲ್ಲ. ಅಂದು ಮಧ್ಯಾಹ್ನ ಮೋಟಾರು ಮತ್ತೆ ಗುರುಗುಟ್ಟಿ ಸಿಕ್ಕಿಬಿತ್ತು, ಬ್ರೇಕರ್ ಅಲ್ಲಾಡಲಿಲ್ಲ, ಗೋಡೆಯ ವೈರು ಬಿಸಿಯಾಗಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಇನ್ಷಿರಾ ಓಡಿಹೋಗಿ ಪ್ಲಗ್ ಎಳೆದಳು. ಆಮೇಲೆ ಕೋಣೆಯಲ್ಲಿ ಸಾಲಾಗಿಟ್ಟಿದ್ದ ತಿನ್ನರ್ ಡಬ್ಬಗಳನ್ನು ನೋಡಿದಳು. ಒಡನೆ ಫೋನು ಎತ್ತಿದಳು.

"ಖಮೀಸಾ, ತಿನ್ನರ್ ಇಟ್ಟಿರೋ ಮನೆ ಕಣಯ್ಯಾ ಇದು! ನಮ್ಮನ್ನೆಲ್ಲ ಸುಟ್ಟು ಹಾಕ್ಬೇಕು ಅಂತಿದ್ಯಾ?"

"ಬ್ರೇಕರ್ ಬೀಳ್ತಿದೆ ಅಂದ್ರಿ ಅಕ್ಕಾ. ಬೀಳದ ಹಾಗೆ ಮಾಡಿದೀನಿ."

"ಬೀಳೋದೇ ಅದರ ಕೆಲಸ ಅಲ್ವೇನೋ!"

"ಹಾಗಾದ್ರೆ ಮೊದಲಿದ್ದದ್ದೇ ಸರಿಯಿತ್ತಲ್ಲ. ನನ್ನನ್ನ ಯಾಕೆ ಕರೆಸಿದ್ರಿ?"

ಅವನನ್ನೇ ಕರೆಸಿ ಹಳೆಯ ಬ್ರೇಕರನ್ನು ಮತ್ತೆ ಹಾಕಿಸಿ, ಸುಟ್ಟ ವೈರನ್ನು ಬದಲಾಯಿಸಿದರು. ಸಮಸ್ಯೆ ಹೊರಟಲ್ಲಿಗೇ ಬಂದು ನಿಂತಿತು.

ಕೊನೆಗೆ ಮನೆಯ ಲೋಡ್ ಹೆಚ್ಚಿಸಿಕೊಳ್ಳುವುದೇ ದಾರಿ ಎಂದು ಇನ್ಷಿರಾ ವಿದ್ಯುತ್ ಕಚೇರಿಗೆ ಹೋದಳು. ಎರಡು ಗಂಟೆ ಸಾಲಿನಲ್ಲಿ ನಿಂತ ಮೇಲೆ ಕಿಟಕಿಯಾಚೆಯ ಗುಮಾಸ್ತ ಅವಳ ಅರ್ಜಿ ತೆಗೆದುಕೊಂಡ. ಎದುರಿಗೆ ಬ್ರೆಡ್ಡಿನಲ್ಲಿ ಸುತ್ತಿದ ಬಿಳಿ ಗಿಣ್ಣು ಇತ್ತು. ಒಂದು ತುತ್ತು ತಿಂದು, ಒಂದು ಸಾಲು ಓದುತ್ತಿದ್ದ.

"ಮನೆಗೋ, ಕಾರ್ಖಾನೆಗೋ?"

"ಮನೆಯಲ್ಲಿ ಮಾಡೋ ಕೆಲಸಕ್ಕೆ ಸಾಹೇಬ್ರೇ."

"ಹಾಗೊಂದು ಕಾಲಮ್ಮೇ ಇಲ್ಲ ತಾಯಿ. ಕಾರ್ಖಾನೆ ಅಂದ್ರೆ ವ್ಯಾಪಾರದ ನೋಂದಣಿ ಬೇಕು, ಅಗ್ನಿಶಾಮಕದವರ ಒಪ್ಪಿಗೆ ಬೇಕು."

"ಮನೆ ಅಂದ್ರೆ?"

"ಮನೆಗೆ ಇಷ್ಟು ಲೋಡ್ ಯಾಕೆ ಅಂತ ಕಾರಣ ಬೇಕು. ಏಸಿ ಎಷ್ಟಿವೆ?"

"ಒಂದೂ ಇಲ್ಲ."

"ಐದು ಅಂತ ಬರೀರಿ."

"ಇಲ್ದೇ ಇರೋದನ್ನ ಯಾಕೆ ಬರೀಲಿ? ಇರೋದು ಕಂಪ್ರೆಸರ್. ಅದನ್ನೇ ಬರೀತೀನಿ."

ಗುಮಾಸ್ತ ಬೆರಳಿಗಂಟಿದ ಗಿಣ್ಣು ಒರೆಸಿಕೊಂಡ. "ಕಂಪ್ರೆಸರ್ ಅಂತ ಬರೆದ್ರೆ ನಾಲ್ಕನೇ ಕಿಟಕಿ. ಅಲ್ಲಿರೋ ಮೇಡಮ್ಮು ರಜೆ."

"ನಾಳೆ ಬರ್ಲಾ?"

"ಹೆರಿಗೆ ರಜೆ ತಾಯಿ."

ಅರ್ಜಿ ವಾಪಸು ಕಸಿದುಕೊಂಡು ಅವಳು ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಜಗಲೂಲನಿಗೆ ಹೇಳಿ ಮುಗಿಸಿದಳು. ಅವನು ಕೇಳಿದ, "ಸರಿಹೋಗತ್ತೆ ಬಿಡು" ಎಂದ. ಮರುದಿನ ಅವಳಿಗೆ ಹೇಳದೆ ಕಚೇರಿಗೆ ಹೋಗಿ, ಐದು ಏಸಿ ಎಂದು ಬರೆದು, ಸಹಿ ಹಾಕಿ ಕೊಟ್ಟು ಬಂದ.

ಇದು ಅವಳಿಗೆ ಗೊತ್ತಾದದ್ದು ಮೂರು ವಾರದ ನಂತರ, ಕಚೇರಿಯ ಯುವ ಅಧಿಕಾರಿಯೊಬ್ಬ ಕೈಯಲ್ಲಿ ಕಾಗದ ಹಿಡಿದು ಬಾಗಿಲಿಗೆ ಬಂದಾಗ. ಬಂದವನು ಗೋಡೆಗಳನ್ನೆಲ್ಲ ಒಂದು ಸುತ್ತು ನೋಡಿದ. ಒಂದು ಫ್ಯಾನು ತಿರುಗುತ್ತಿತ್ತು, ಅದೂ ಕಿರುಗುಟ್ಟುತ್ತಾ.

"ಐದು ಏಸಿ ಎಲ್ಲಿವೆ?"

ಇನ್ಷಿರಾ ಗಂಡನ ಮುಖ ನೋಡಿದಳು.

"ಬರ್ತಾ ಇವೆ" ಎಂದ ಜಗಲೂಲ್.

ಅಧಿಕಾರಿ ಬೀದಿ ಕೋಣೆಗೆ ಇಣುಕಿದ. ಅಷ್ಟು ದೊಡ್ಡ ತೊಟ್ಟಿಯನ್ನು ಬಚ್ಚಿಡಲು ಆಗುವಂತಿರಲಿಲ್ಲ. ಮೇಲೆ ಚಾದರ ಹೊದಿಸಿದ್ದರಿಂದ ಯಾರೋ ಮಲಗಿದಂತೆ ಕಾಣುತ್ತಿತ್ತು. "ಇದೇನು?"

"ಕಂಪ್ರೆಸರ್" ಎಂದ ಜಗಲೂಲ್, ಸ್ವಲ್ಪವೂ ಅಳುಕದೆ. "ಏಸಿ ಒಳಗೂ ಇರೋದು ಕಂಪ್ರೆಸರೇ ಅಲ್ವಾ ಸ್ವಾಮಿ? ಇದು ಐದಕ್ಕೂ ಸೇರಿ ಒಂದೇ."

ಅಧಿಕಾರಿ ನಗಲೂ ಇಲ್ಲ, ಬೈಯಲೂ ಇಲ್ಲ. ಕಾಗದದ ಮೇಲೆ ಉದ್ದಕ್ಕೆ ಏನೋ ಬರೆದ, ಕೊಟ್ಟ ಟೀ ಕುಡಿದ, ಹೋದ. ಬಾಗಿಲು ಹಾಕಿದ ಮೇಲೆ ಇನ್ಷಿರಾ ಗಂಡನಿಗೆ ಒಂದೇ ಒಂದು ಮಾತು ಹೇಳಿದಳು: "ಈ ವಯಸ್ಸಿನಲ್ಲಿ ನನ್ನನ್ನ ಸುಳ್ಳುಗಾತಿ ಮಾಡ್ದೆ." ಅಂದು ಸಂಜೆ ಮಾಡಿದ್ದ ಬಾತುಕೋಳಿಯನ್ನು ಅವನು ಒಬ್ಬನೇ ಕೂತು ತಿಂದ. ಅವಳು ಅಡುಗೆಮನೆಯಲ್ಲಿ ನಿಂತುಕೊಂಡೇ ಬ್ರೆಡ್ಡು ತಿಂದಳು.

ಜನವರಿ ಬಂತು. ಸಮುದ್ರದ ಕಡೆಯಿಂದ ಬಿರುಗಾಳಿ ಮಳೆ ಶುರುವಾಗಿ ಐದು ದಿನ ಬಿಡಲಿಲ್ಲ. ಅಂಥ ತೇವದಲ್ಲಿ ಸ್ಪ್ರೇ ಹೊಡೆದರೆ ಮೇಲ್ಮೈ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಇನ್ಷಿರಾ ಕಾದಳು. ತಫೀದಾ ದಿನಕ್ಕೆ ಎರಡು ಸಲ ಮೆಟ್ಟಿಲಿಳಿದು ಬಂದು, ಪಾಲಿಶ್ ಆಗದ ಬೀರುವಿನ ಬಾಗಿಲುಗಳ ಮುಂದೆ ನಿಂತು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದಳು.

"ಹುಡುಗನ ತಾಯಿ ಫೋನ್ ಮಾಡಿದ್ರು. ಸಾಮಾನು ಯಾವಾಗ ಕಳಿಸ್ತೀರಿ ಅಂತ."

"ಮಳೆಯನ್ನ ಕೇಳು."

"ಕೈಯಲ್ಲೇ ಉಜ್ಜಿದ್ರೆ ಇಷ್ಟು ಹೊತ್ತಿಗೆ ಆಗಿಹೋಗ್ತಿತ್ತು."

ಇನ್ಷಿರಾ ತಿರುಗಿ ನೋಡಿದ ರೀತಿಗೆ ತಫೀದಾ ಸರಸರನೆ ಮೆಟ್ಟಿಲು ಹತ್ತಿ ಹೋದಳು.

ಗುರುವಾರ ಬಿಸಿಲು ಬಂತು. ಒಣ ಗಾಳಿ. ಇನ್ಷಿರಾ ಬೆಳಗ್ಗೆಯೇ ಮೇಲೆ ಹೋಗಿ, ಫ್ರಿಜ್ಜು, ಟೀವಿ, ನೀರಿನ ಹೀಟರು ಎಲ್ಲವನ್ನೂ ಮಧ್ಯಾಹ್ನದವರೆಗೆ ಆರಿಸಿಡುವಂತೆ ತಫೀದಾಳಿಂದ ಮಾತು ತೆಗೆದುಕೊಂಡಳು. ತನ್ನ ಮನೆಯದನ್ನೂ ಆರಿಸಿದಳು, ಕಿರುಗುಟ್ಟುವ ಫ್ಯಾನು ಸಮೇತ. ಇಡೀ ಕಟ್ಟಡದಲ್ಲಿ ಕಂಪ್ರೆಸರ್ ಒಂದನ್ನು ಬಿಟ್ಟರೆ ಕರೆಂಟು ಕೇಳುವ ವಸ್ತು ಇರಲಿಲ್ಲ. ಬೀರುವಿನ ನಡುವಿನ ದೊಡ್ಡ ಬಾಗಿಲನ್ನು ಮಲಗಿಸಿ ಕೊನೆಯ ಕೋಟು ಶುರು ಮಾಡಿದಳು. ಈ ಕೋಟನ್ನು ನಿಲ್ಲಿಸದೆ ಒಂದೇ ಬೀಸಿನಲ್ಲಿ ಮುಗಿಸಬೇಕು. ನಡುವೆ ನಿಂತರೆ ಅಲ್ಲೊಂದು ಗೆರೆ ಉಳಿಯುತ್ತದೆ.

ಬಾಗಿಲಿನ ಮುಕ್ಕಾಲು ಭಾಗ ಆಗಿತ್ತು. ಮೋಟಾರು "ಹ್ಞೂಂ" ಎಂದಿತು. ಟಪ್.

ಗನ್ನಿನ ಬಾಯಿಂದ ಮಂಜಿನಂತೆ ಬರುತ್ತಿದ್ದ ಪಾಲಿಶ್ ಹನಿಹನಿಯಾಗಿ ಉದುರಿತು. ಹೊಳೆಯುವ ಬಾಗಿಲ ಮೇಲೆ ಮೊಡವೆ ಎದ್ದಂತೆ ಹತ್ತಾರು ಹನಿ.

ಇನ್ಷಿರಾ ಅಳಲಿಲ್ಲ. ಗನ್ನನ್ನು ಮೆಲ್ಲಗೆ ಕೊಕ್ಕೆಗೆ ಸಿಕ್ಕಿಸಿದಳು. ಮುಸುಕು ಬಿಚ್ಚಿದಳು. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಬುಡದ ನಲ್ಲಿಯನ್ನು ಪೂರ್ತಿ ತಿರುಗಿಸಿಬಿಟ್ಟಳು. ಒಳಗಿದ್ದ ಗಾಳಿಯೆಲ್ಲ ಬೊಬ್ಬೆ ಹೊಡೆಯುತ್ತಾ ಹೊರಬಂತು. "ಹೋಗು! ಎಲ್ಲಾ ಹೋಗು! ನೀನೂ ಬೇಡ, ನಿನ್ನ ಗಾಳೀನೂ ಬೇಡ!" ಎಂದು ಅದರ ಸದ್ದಿಗಿಂತ ಜೋರಾಗಿ ಕೂಗಿದಳು. ಮೂರು ತಿಂಗಳಿಂದ ಗಂಡನಿಗೆ, ಖಮೀಸನಿಗೆ, ಗುಮಾಸ್ತನಿಗೆ, ತಫೀದಾಳಿಗೆ, ಕೂತ್ಕೊಳ್ಳಿ ಎಂದ ಆ ಡಾಕ್ಟರಿಗೆ ಹೇಳಬೇಕೆಂದಿದ್ದದ್ದನ್ನೆಲ್ಲ ಆ ಕಬ್ಬಿಣದ ತೊಟ್ಟಿಗೆ ಹೇಳಿದಳು. ಜಗಲೂಲ್ ಬಾಗಿಲವರೆಗೆ ಬಂದು, ಅಲ್ಲೇ ನಿಂತ. ಈ ಸಲ ಅವನ ಬಾಯಿಂದ "ಸರಿಹೋಗತ್ತೆ" ಬರಲಿಲ್ಲ.

ತೊಟ್ಟಿ ಖಾಲಿಯಾಯಿತು. ಅವಳು ನಲ್ಲಿ ಮುಚ್ಚಿದಳು. ಅವನು ಹೋಗಿ ಬ್ರೇಕರ್ ಎತ್ತಿದ. ಮೋಟಾರು ಹೂವಿನಷ್ಟು ಹಗುರಾಗಿ ತಿರುಗತೊಡಗಿತು.

"ನೋಡಿದ್ಯಾ?" ಎಂದಳು ಇನ್ಷಿರಾ. "ಈಗ ಬೀದಿಯ ಕರೆಂಟಿಗೆ ಇದ್ದಕ್ಕಿದ್ದ ಹಾಗೆ ಶಕ್ತಿ ಬಂತಾ? ಐದು ನಿಮಿಷದ ಹಿಂದೆ ಸಾಲದೆ ಇದ್ದದ್ದು ಈಗ ಹೇಗೆ ಸಾಕಾಯ್ತು?"

ಜಗಲೂಲ್ ಬಗ್ಗಿ ಮುಳ್ಳನ್ನು ನೋಡಿದ.

ತೊಟ್ಟಿ ತುಂಬುವವರೆಗೆ ಇಬ್ಬರೂ ಅಲ್ಲೇ ಕೂತರು. ಮುಳ್ಳು ಎಂಟಕ್ಕೆ ಬಂತು, ಮೋಟಾರು ನಿಂತಿತು. ಕೋಣೆ ತಣ್ಣಗಾಯಿತು. ಆ ಮೌನದಲ್ಲಿ ಓಣಿಯಾಚೆಯ ಯಾವುದೋ ಕಾರ್ಖಾನೆಯ ಕಂಪ್ರೆಸರ್ ನಿಂತಿದ್ದು ಕೇಳಿಸಿತು. ಗುಡುಗುಡು, ಆಮೇಲೆ ಕೊನೆಗೆ "ಟುಸ್ಸ್".

ಇನ್ಷಿರಾ ತಲೆ ಎತ್ತಿದಳು. ಈ ಸದ್ದು ಅವಳಿಗೆ ಹೊಸದಲ್ಲ. ಈ ಓಣಿಯಲ್ಲಿ ಹುಟ್ಟಿ ಬೆಳೆದವಳು, ದಿನಕ್ಕೆ ನೂರು ಸಲ ಕೇಳಿದವಳು. ಕೇಳಿ ಕೇಳಿ ಕಿವಿಗೆ ಬೀಳುವುದೇ ನಿಂತುಹೋಗಿತ್ತು.

"ನಮ್ಮದು ಯಾಕೆ ಉಸಿರು ಬಿಡಲ್ಲ?" ಎಂದಳು.

"ಏನು ಉಸಿರು?"

"ಅವರೆಲ್ಲರದೂ ನಿಂತ ಮೇಲೆ ಟುಸ್ ಅನ್ನತ್ತೆ. ನಮ್ಮದು ತಂದಾಗಿಂದ ಒಂದು ದಿನಾನೂ ಅಂದಿಲ್ಲ. ನಿಲ್ಲತ್ತೆ, ಮೂಗಿಯ ಹಾಗೆ ಕೂತಿರತ್ತೆ."

ಜಗಲೂಲ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ. "ಅಯ್ಯೋ ದೇವರೇ" ಎಂದ. "ಅಯ್ಯೋ, ನಾನೆಂಥ ಕತ್ತೆ."

ಹಳೆಯ ದೋಣಿಗಳ ಎಂಜಿನ್ನನ್ನು ಕೈಯಿಂದ ತಿರುಗಿಸಿ ಶುರು ಮಾಡುವಾಗ ಮೊದಲು ಒಂದು ಸಣ್ಣ ಹಿಡಿಯೆತ್ತಿ ಒಳಗೆ ಸಿಕ್ಕಿಕೊಂಡ ಗಾಳಿ ಬಿಡಬೇಕು. ಇಲ್ಲವಾದರೆ ಎಂಥ ಪೈಲ್ವಾನನಿಗೂ ಅದು ತಿರುಗುವುದಿಲ್ಲ. ನಲವತ್ತು ವರ್ಷ ಅದೇ ಹಿಡಿ ಎತ್ತಿದವನು ಜಗಲೂಲ್. ಕಂಪ್ರೆಸರಿನಲ್ಲಿ ಆ ಕೆಲಸ ತಾನಾಗಿಯೇ ಆಗುತ್ತದೆ. ಮೋಟಾರು ನಿಂತೊಡನೆ ಪಂಪಿನ ನೆತ್ತಿಯ ಮೇಲೆ ಉಳಿದ ಗಾಳಿಯನ್ನು ಒಂದು ಸಣ್ಣ ಕೊಳವೆ ಹೊರಗೆ ಬಿಡುತ್ತದೆ. ಬಿಡದಿದ್ದರೆ ಮುಂದಿನ ಸಲ ಮೋಟಾರು ಆ ಒತ್ತಡದ ಎದುರೇ ಏಳಬೇಕು. ಏಳಲಾಗದೆ ಸಿಕ್ಕಿಕೊಳ್ಳುತ್ತದೆ, ಇದ್ದಬದ್ದ ಕರೆಂಟನ್ನೆಲ್ಲ ಒಂದೇ ಸಲ ಎಳೆಯುತ್ತದೆ. ಟೀ ಕುಡಿದು ಬರುವಷ್ಟರಲ್ಲಿ ಆ ಗಾಳಿ ಅಲ್ಲಿ ಇಲ್ಲಿ ಸೋರಿ ಹೋಗಿದ್ದರೆ ಓಡುತ್ತದೆ. ಕರೆಂಟಿನದೂ ತಪ್ಪಿಲ್ಲ, ಬ್ರೇಕರಿನದೂ ತಪ್ಪಿಲ್ಲ.

ಪ್ಲಗ್ ಕಿತ್ತು, ತೊಟ್ಟಿಯ ಗಾಳಿ ಇಳಿಸಿ, ಜಗಲೂಲ್ ಆ ಸಣ್ಣ ತಾಮ್ರದ ಕೊಳವೆಯನ್ನೂ ಅದರ ತುದಿಯ ಕವಾಟವನ್ನೂ ಬಿಚ್ಚಿದ. ಒಳಗೆ ಎಣ್ಣೆ ಮತ್ತು ಪಾಲಿಶ್ ಧೂಳು ಸೇರಿ ಗಟ್ಟಿಯಾಗಿ, ರಂಧ್ರ ಪೂರ್ತಿ ಮುಚ್ಚಿತ್ತು. ಅವನು ತಂತಿ ಹುಡುಕುತ್ತಿದ್ದಾಗ ಇನ್ಷಿರಾ ಅಡುಗೆಮನೆಯಿಂದ ಸೀಮೆಎಣ್ಣೆ ಸ್ಟವ್‌ನ ಪಿನ್ನು ತಂದು ಅವನ ಕೈಗಿಟ್ಟಳು. ಎಂಟು ಸಲ ಚುಚ್ಚಿದ ಮೇಲೆ ಕರಿಯ ಬೀಜದಂಥದ್ದೊಂದು ಹೊರಗೆ ಬಿತ್ತು.

ಜೋಡಿಸಿ ಓಡಿಸಿದರು. ತುಂಬಿತು, ನಿಂತಿತು, "ಟುಸ್ಸ್" ಎಂದಿತು. ಗಾಳಿ ಇಳಿಸಿದರು, ತಾನಾಗಿಯೇ ಮತ್ತೆ ಹೊರಟಿತು. ಅಂದು ಹನ್ನೊಂದು ಸಲ ಓಡಿಸಿ ನೋಡಿದರು. ಬಲ್ಬು ಪ್ರತಿಸಲವೂ ಒಂದು ಕ್ಷಣ ಮಂಕಾಯಿತು, ಅಷ್ಟೇ.

"ಮೂರು ತಿಂಗಳು" ಎಂದಳು ಇನ್ಷಿರಾ. "ಒಂದು ಸ್ಟವ್ ಪಿನ್ನಿಗೆ."

"ನಾನೇ ಮೊದಲು ನೋಡ್ಬೇಕಿತ್ತು" ಎಂದ ಜಗಲೂಲ್. ಅವನು ಹಾಗೆ ಒಪ್ಪಿಕೊಳ್ಳುವುದು ಅವಳಿಗೆ ಅಭ್ಯಾಸವಿರಲಿಲ್ಲ. ಬೈಯಬೇಕೆಂದು ಇಟ್ಟುಕೊಂಡಿದ್ದ ಮಾತು ಅರ್ಧಕ್ಕರ್ಧ ಕರಗಿಹೋಯಿತು. ಉಳಿದರ್ಧವನ್ನು ಅವಳು ಬಿಡದೆ ಬೈದಳು.

ಹನಿ ಬಿದ್ದ ಬಾಗಿಲನ್ನು ಪೂರ್ತಿ ತಿಕ್ಕಿ ಮೊದಲಿನಿಂದ ಮಾಡಬೇಕಾಯಿತು. ತಿಕ್ಕುವ ಕೆಲಸ ಅವಳ ಭುಜಕ್ಕೆ ಆಗದು. ಜಗಲೂಲ್ ತಾನೇ ಪಾಲಿಶ್ ಪೇಪರ್ ಹಿಡಿದು ಎರಡು ದಿನ ತಿಕ್ಕಿದ. ಅವಳು ಪಕ್ಕದಲ್ಲಿ ಕೂತು "ಮರದ ಗೆರೆ ಹೋದ ಕಡೆಗೆ ತಿಕ್ಕು, ಅಡ್ಡಡ್ಡ ಅಲ್ಲ" ಎಂದು ನೂರು ಸಲ ಹೇಳಿದಳು. ಶನಿವಾರ ಸಂಜೆಗೆ ಅವನ ಬೆರಳು ಸೆಟೆದುಕೊಂಡಿದ್ದವು. "ಇದನ್ನ ಮೂವತ್ತು ವರ್ಷ ಮಾಡಿದ್ಯಾ?" ಎಂದು ಕೇಳಿದ. ಆ ಪ್ರಶ್ನೆ ಅವಳಿಗೆ ಹಿತವಾಗಿತ್ತು.

ಸುದ್ದಿ ಓಣಿಗೆ ಹರಡಿತು. ಖಮೀಸ್ ಬಂದು, "ಕವಾಟದ ಮೇಲೆ ನನಗೆ ಆವತ್ತೇ ಅನುಮಾನ ಇತ್ತು ಅಕ್ಕಾ" ಎಂದ. ಇನ್ಷಿರಾ ಅವನಿಗೆ ಬಾಗಿಲು ತೋರಿಸಿದಳು. ಕಚೇರಿಯಿಂದ ಪತ್ರವೂ ಬಂತು. ಸ್ಥಳ ಪರಿಶೀಲನೆಯಲ್ಲಿ ಐದು ಏಸಿಗಳು ಕಂಡುಬಂದಿಲ್ಲವಾದ್ದರಿಂದ, ಅವುಗಳನ್ನು ಕೂರಿಸಿದ ಮೇಲೆ ಹೊಸದಾಗಿ ಅರ್ಜಿ ಹಾಕತಕ್ಕದ್ದು ಎಂದಿತ್ತು. ಅವಳು ಅದನ್ನು ಓದಿ, ಎರಡು ಮಡಿಕೆ ಮಾಡಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟಳು. ತಫೀದಾ ಮಾತ್ರ ಬಲ್ಬು ಮಂಕಾದಾಗಲೆಲ್ಲ ಈಗಲೂ ಮೇಲಿನಿಂದ ಕೂಗುವುದನ್ನು ಬಿಡಲಿಲ್ಲ.

ಫೆಬ್ರವರಿಯ ಮೊದಲ ವಾರ ರಬಾಬಳ ಸಾಮಾನು ಹೊರಟಿತು. ಓಣಿಯ ತುಂಬ ಜನ. ಡ್ರಮ್ಮು ಹೊಡೆಯುವವರು, ಸಿಹಿ ಹಂಚುವವರು, ಲಾರಿಯ ಮೇಲೆ ನಿಂತು ಚಪ್ಪಾಳೆ ತಟ್ಟುವ ಹುಡುಗಿಯರು. ಬಿಸಿಲು ಬಿದ್ದ ಬೀರುವಿನ ಬಾಗಿಲಲ್ಲಿ ಎದುರು ಮನೆಯ ಬಾಲ್ಕನಿ, ಅಲ್ಲಿ ಒಣಹಾಕಿದ ಬಟ್ಟೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ತಫೀದಾ ಕಣ್ಣೊರೆಸಿಕೊಳ್ಳುತ್ತಾ ಇನ್ಷಿರಾಳ ಕೈ ಹಿಡಿದು, "ಕನ್ನಡಿ ಮಾಡಿದೀಯಲ್ಲೇ" ಎಂದಳು.

ಇನ್ಷಿರಾ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಹೊರುವವರು ಹೊದಿಕೆ ಹಾಕದೆ ಒರಟು ಹಗ್ಗವನ್ನು ನೇರವಾಗಿ ಬಾಗಿಲಿನ ಮೇಲೆಯೇ ಬಿಗಿಯುತ್ತಿದ್ದರು. ಅವಳು ಕೈ ಬಿಡಿಸಿಕೊಂಡು, ಮನೆಯೊಳಗೆ ನುಗ್ಗಿ, ತಮ್ಮ ಹಾಸಿಗೆಯ ಮೇಲಿನ ಕಂಬಳಿಯನ್ನೇ ಎಳೆದುಕೊಂಡು ಲಾರಿಯ ಕಡೆ ಓಡಿದಳು.

"ಕೈ ತೆಗೀರೋ ಅಲ್ಲಿಂದ! ಕಣ್ಣಿಲ್ವಾ ನಿಮಗೆ? ಎಷ್ಟು ಕಷ್ಟದ ಬಾಗಿಲು ಗೊತ್ತಾ ಅದು!"